ಬಾಗಿಲ ಪಕ್ಕದ ಕಿಂಡಿ

ಆ ಅಜ್ಜಿ ಮೊದಲ ದಿನವೇ ಅವಳನ್ನು ದರ್ಜಿ ಅಂದುಕೊಂಡಳು. ಟೇಪು ಹಿಡಿದು ಮನೆಯೊಳಗೆ ಬಂದ ಹೆಂಗಸು ಇನ್ನೇನಾಗಿರಲು ಸಾಧ್ಯ? ಕುರ್ಚಿಯಿಂದ ಎದ್ದು, ಎರಡೂ ತೋಳು ಅಗಲಿಸಿ ನಿಂತು, “ತೋಳು ಬಿಗಿ ಮಾಡ್ಬೇಡಮ್ಮ. ಹೋದ ಸಲದ್ದು ಹಾಕ್ಕೊಂಡ್ರೆ ಕೈ ಎತ್ತೋಕೇ ಆಗ್ತಿರ್ಲಿಲ್ಲ” ಅಂದಳು.

“ಅಮ್ಮ, ಇವರು ಟೇಲರ್ ಅಲ್ಲ. ನಮ್ಮ ಹೊಸ ಮನೆಗೆ ನಕ್ಷೆ ಮಾಡೋರು,” ಎಂದ ಮಗ.

“ನಕ್ಷೇನೋ ನಕ್ಷತ್ರಾನೋ, ತೋಳು ಸಡಿಲ ಇರ್ಲಿ.”

ಅವಳು ನಗುತ್ತಾ ಅಜ್ಜಿಯ ತೋಳಿನ ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡಳು. ಅಂದಿನಿಂದ ಆ ಮನೆಯವರಿಗೆಲ್ಲ ಅವಳು ಟೇಲರಮ್ಮನಾದಳು. ಆಮೇಲೆ ಮರಗೆಲಸಕ್ಕೆ ಬಂದ ಬಡಗಿಯೂ ಹಾಗೇ ಕರೆಯತೊಡಗಿದ.

ಟೇಲರಮ್ಮನಿಗೆ ಆಗ ಮೂವತ್ತಾರು. ಬೇಕರಿಯೊಂದರ ಮೇಲಿನ ಒಂಟಿ ಕೋಣೆ ಅವಳ ಕಚೇರಿ. ಕಾಂಪೌಂಡ್ ಗೋಡೆ, ಅಂಗಡಿಯ ಮುಂಭಾಗ, ಇದ್ದ ಮನೆಯ ಮೇಲೆ ಇನ್ನೊಂದು ಅಂತಸ್ತು, ಎಂಟು ವರ್ಷದಿಂದ ಇಂಥವನ್ನೇ ಮಾಡಿ ಮಾಡಿ ಅವಳಿಗೆ ಸಾಕುಸಾಕಾಗಿತ್ತು. ಬಂದವರೆಲ್ಲ ಯಾರದೋ ಮನೆಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ “ಹೀಗೇ ಬೇಕು” ಅನ್ನುವವರೇ. ಈ ಮಗ ಮಾತ್ರ ಯಾವ ಫೋಟೋವನ್ನೂ ತೋರಿಸಲಿಲ್ಲ. ಐವತ್ತೊಂದರ ಗಂಡಸು, ಅಪ್ಪ ಹಾಕಿಕೊಟ್ಟ ಸಣ್ಣ ಮುದ್ರಣಾಲಯವನ್ನು ನಡೆಸುತ್ತಿದ್ದ, ಮಾತು ಮುತ್ತಿನಷ್ಟೇ ದುಬಾರಿ. ರಸ್ತೆ ಅಗಲ ಮಾಡುವುದಕ್ಕಾಗಿ ಅವರ ಬೀದಿಯ ಒಂದು ಸಾಲಿನ ಮನೆಗಳ ಮುಂಭಾಗವೆಲ್ಲ ಹೋಗುವುದಿತ್ತು. ಅಪ್ಪ ಕಟ್ಟಿಸಿದ್ದ ಹಳೇ ಮನೆ, ಅರ್ಧ ಹೋದರೆ ಉಳಿದರ್ಧ ನಿಲ್ಲುವಂತಿರಲಿಲ್ಲ. ಹಿಂದಿನ ಖಾಲಿ ಜಾಗವನ್ನೂ ಸೇರಿಸಿಕೊಂಡು ಹೊಸದೇ ಕಟ್ಟಬೇಕು.

“ನಮಗೆ ಹೇಗಿದ್ರೂ ನಡೆಯುತ್ತೆ, ಹೊಸ ಕಾಲದ್ದೇ ಆಗ್ಲಿ,” ಎಂದ ಅವನು. “ಆದ್ರೆ ಅಮ್ಮನ ಕಾಲಿಗೆ ಅದು ಹಳೇ ಮನೆ ಅನ್ನಿಸ್ಬೇಕು. ಮರೆವು ಶುರುವಾಗಿದೆ. ಹೊರಗಡೆ ಎಲ್ಲಿಗೆ ಕರ್ಕೊಂಡು ಹೋದ್ರೂ ಗಾಬರಿ ಬೀಳ್ತಾರೆ. ಇಲ್ಲಿ ಮಾತ್ರ ಕಣ್ಣು ಮುಚ್ಕೊಂಡು ಓಡಾಡ್ತಾರೆ.”

ಮೂರು ದಿನ ಟೇಲರಮ್ಮ ಅಜ್ಜಿಯ ನೆರಳಿನ ಹಾಗೆ ಹಿಂದೆಯೇ ಸುತ್ತಿದಳು. ಮಂಚದಿಂದ ಒಳಂಗಳದ ಕಂಬಕ್ಕೆ ಹನ್ನೊಂದು ಹೆಜ್ಜೆ. ಕಂಬವನ್ನು ಎಡಗೈಯಲ್ಲಿ ಮುಟ್ಟಿ ತಿರುಗಿದರೆ ಬಚ್ಚಲಿಗೆ ಒಂಬತ್ತು. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ತಲೆ ತಗ್ಗಿಸುತ್ತಿದ್ದಳು, ಅಷ್ಟು ಎತ್ತರವಿಲ್ಲದಿದ್ದರೂ. ನೀರಿನ ಚೊಂಬು ಗೋಡೆಯ ಗೂಡಿನಲ್ಲಿ, ಮೊಣಕೈ ಎತ್ತರಕ್ಕೆ. ಇದೆಲ್ಲವನ್ನೂ ಪುಸ್ತಕಕ್ಕೆ ಇಳಿಸಿಕೊಳ್ಳುವಾಗ, ಇಂಥದ್ದೊಂದು ಕೆಲಸಕ್ಕಾಗಿಯೇ ತಾನು ಓದಿದ್ದು ಅಂತ ಟೇಲರಮ್ಮನಿಗೆ ಅನ್ನಿಸಿತು.

ಸೊಸೆಗೆ ಮಾತ್ರ ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸು.

“ಹೊಸ್ತಿಲು ಎಡವಿ ಸೊಂಟ ಮುರ್ಕೊಂಡು ಬಂದವರನ್ನ ಎಷ್ಟು ಜನರನ್ನ ಎತ್ತಿ ಮಲಗಿಸಿದ್ದೀನೋ ನಂಗೇ ಗೊತ್ತಿಲ್ಲ ಟೇಲರಮ್ಮ. ನಿಮ್ಮ ಹಳೇ ಕಾಲ ಚೆನ್ನಾಗಿರುತ್ತೆ. ಬೆಡ್‌ಪ್ಯಾನ್ ಹಿಡಿಯೋಳು ನಾನು.”

“ಪ್ರೆಸ್ಸಿಗೆ ಹೋದಾಗ ನಿಮ್ಮ ಅತ್ತೆ ಹೇಗೆ ನಡೀತಾರೆ ನೋಡಿದ್ದೀರಾ?” ಎಂದಳು ಟೇಲರಮ್ಮ. “ ಅಲ್ಲಿ ಹೊಸ್ತಿಲೇ ಇಲ್ಲ. ಆದ್ರೂ ಕಾಲೆತ್ತಿ ಇಡ್ತಾರೆ. ನೆಲ ಸಿಗದೆ ಮುಗ್ಗರಿಸ್ತಾರೆ.”

ಸೊಸೆ ಮರುದಿನ ಅತ್ತೆಯನ್ನು ಪ್ರೆಸ್ಸಿಗೆ ಕರೆದುಕೊಂಡು ಹೋಗಿ ತಾನೇ ನೋಡಿದಳು. ಬಂದು, “ಸರಿ, ಹೊಸ್ತಿಲು ಇರ್ಲಿ, ಅರ್ಧ ಎತ್ತರ. ಪಕ್ಕದಲ್ಲಿ ಹಿಡ್ಕೊಳ್ಳೋಕೆ ಕಂಬಿ,” ಎಂದು ರಾಜಿಗೆ ಬಂದಳು. ಅವಳಿಗೆ ಬೇಕಾದ ಅಗಲವಾದ ಅಡುಗೆಮನೆ, ಬೆಳಗಿನ ಬಿಸಿಲು ಬೀಳುವ ದೊಡ್ಡ ಕಿಟಕಿ ಎರಡೂ ಅವಳಿಗೆ ಸಿಕ್ಕಿದವು. ಕಾಲೇಜಿಗೆ ಹೋಗುವ ಮಗಳಿಗೆ ಮೇಲೆ ಗಾಜಿನ ಗೋಡೆಯ ಕೋಣೆ. ಕೆಳಗೆ ಹಳೆಯ ಒಳಂಗಳ, ಅದೇ ಕಂಬಗಳು, ಅದೇ ಮುಂಬಾಗಿಲು.

ಬಡಗಿ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಒಳ್ಳೇ ಅತ್ತೆ ಸೊಸೆ ಸಂಸಾರ ಕಣಮ್ಮ ಇದು. ಕೆಳಗೆ ಅತ್ತೆ, ಮೇಲೆ ಸೊಸೆ. ಜಗಳ ಆದ್ರೆ ಗಾಜು ಒಡೆಯುತ್ತೆ, ಕಂಬ ಏನೂ ಆಗಲ್ಲ,” ಎಂದು ನಕ್ಕ. ಎಪ್ಪತ್ತರ ಹತ್ತಿರದ ಮನುಷ್ಯ, ಕೈ ನಡುಗುತ್ತಿದ್ದರೂ ಉಳಿ ನಡುಗುತ್ತಿರಲಿಲ್ಲ.

ಮನೆಯವರು ಬಾಡಿಗೆ ಮನೆಗೆ ಸಾಮಾನು ಸಾಗಿಸಿದ ಮೇಲೆ, ಮುಂಬಾಗಿಲನ್ನು ಜೋಪಾನವಾಗಿ ಬಿಚ್ಚುವಾಗ ಕಿಂಡಿ ಸಿಕ್ಕಿತು. ಬಾಗಿಲ ಪಕ್ಕದ ಗೋಡೆಯಲ್ಲಿ ಸೊಂಟಕ್ಕಿಂತ ಕೆಳಗೆ, ಹತ್ತಾರು ಪದರ ಬಣ್ಣದಡಿಯಲ್ಲಿ ಒಂದು ಹಲಗೆ. ನಾಲ್ಕು ಮೂಲೆಗೂ ಮೊಳೆ. ಬಡಗಿ ಮೀಟಿ ತೆಗೆದ. ಒಳಗೆ ಒಂದು ಗೇಣು ಅಗಲ, ಒಂದೂವರೆ ಗೇಣು ಎತ್ತರದ ಕಿಂಡಿ. ಅದರ ಕೆಳಗಿನ ಮರ ಸವೆದು ನುಣುಪಾಗಿತ್ತು. ಟೇಲರಮ್ಮ ಹೊರಗೆ ನಿಂತು ಕೈ ತೂರಿಸಿದಳು. ಬೆರಳು ನೇರವಾಗಿ ಬಾಗಿಲ ಒಳಗಿನ ಕೆಳಚಿಲಕಕ್ಕೆ ಹೋಯಿತು.

“ಎಂಥ ಜಾಣರಪ್ಪ ನಿಮ್ಮ ತಂದೆ!” ಎಂದಳು, ಆಗ ತಾನೇ ಬಂದು ನಿಂತಿದ್ದ ಮಗನಿಗೆ. “ಗಾಳಿಗೂ ಆಯ್ತು, ಬೆಳಕಿಗೂ ಆಯ್ತು, ಹೊರಗಿನಿಂದ ಬಾಗಿಲು ತೆಗೆಯೋಕೂ ಆಯ್ತು. ಮುಚ್ಚಿದ್ದು ಯಾಕೆ?”

ಅವನು ಕಿಂಡಿಯನ್ನು ಸ್ವಲ್ಪ ಹೊತ್ತು ನೋಡಿದ. “ಹಳೇ ಮಾತು,” ಎಂದ.

“ಹೊಸ ಮನೇಲಿ ತೆರೆದೇ ಇಡ್ಲಾ?”

“ನಿಮಗೆ ಸರಿ ಕಂಡ ಹಾಗೆ ಮಾಡಿ.” ಅಷ್ಟು ಹೇಳಿ ಪ್ರೆಸ್ಸಿಗೆ ಹೊರಟುಹೋದ. ಅವನ ಮುಖ ಬಾಡಿದ್ದನ್ನು ಟೇಲರಮ್ಮ ಕಂಡಳು. ಅಪ್ಪ ಕಟ್ಟಿದ ಮನೆ ಬೀಳುತ್ತಿದೆಯಲ್ಲ, ಅದಕ್ಕಿರಬೇಕು ಅಂದುಕೊಂಡಳು.

ಬಡಗಿ ಮೊಳೆಗಳನ್ನು ಒರೆಸಿ ಜೇಬಿಗೆ ಹಾಕಿಕೊಂಡ. “ಮೊಳೆ ಹೊಡೆದು ಮುಚ್ಚಿದ್ದನ್ನ ಕೇಳದೆ ತೆಗೀಬಾರ್ದು ಟೇಲರಮ್ಮ.”

“ಕೇಳಿದೆನಲ್ಲ?”

“ನೀವು ಕೇಳಿದ್ರಿ. ಅವರು ಹೇಳ್ಲಿಲ್ಲ.”

ಬಾಡಿಗೆ ಮನೆಯ ಹದಿನಾಲ್ಕು ತಿಂಗಳಲ್ಲಿ ಅಜ್ಜಿ ಇಳಿದುಹೋದಳು. ಮೂರನೇ ಮಹಡಿಯ ಆ ಮನೆಯಲ್ಲಿ ಎಲ್ಲ ಬಾಗಿಲೂ ಒಂದೇ ಥರ. ಬಚ್ಚಲು ಅಂದುಕೊಂಡು ಬಟ್ಟೆಯ ಕಪಾಟನ್ನು ತೆರೆಯುತ್ತಿದ್ದಳು. ಎರಡು ಸಲ ಬಿದ್ದಳು. ಮೊಮ್ಮಗಳನ್ನು “ಮೇಲ್ಮನೆ ಹುಡುಗಿ” ಅನ್ನತೊಡಗಿದಳು. “ಮನೆಗೆ ಹೋಗೋಣ” ಎಂಬುದೊಂದು ಮಾತನ್ನು ಬಿಟ್ಟರೆ ದಿನಗಟ್ಟಲೆ ಬಾಯಿ ಬಿಡುತ್ತಿರಲಿಲ್ಲ. ಗಂಡ ತೀರಿಕೊಂಡದ್ದು ಅವಳಿಗೆ ನೆನಪಿತ್ತು. ಮಗನ ಹೆಸರು ಮಾತ್ರ ಬೆಳಗ್ಗೆ ಇದ್ದರೆ ಸಂಜೆಗೆ ಇರುತ್ತಿರಲಿಲ್ಲ.

ಹೊಸ ಮನೆಗೆ ಬಂದ ದಿನ ಟೇಲರಮ್ಮನೂ ಇದ್ದಳು. ಅಜ್ಜಿಯನ್ನು ಆಟೋದಿಂದ ಇಳಿಸಿದರು. ಅವಳು ಮುಂಬಾಗಿಲನ್ನೂ ಅದರ ಪಕ್ಕ ತೆರೆದಿದ್ದ ಕಿಂಡಿಯನ್ನೂ ನೋಡಿದಳು. ಸೊಸೆಯ ಕೈ ಬಿಡಿಸಿಕೊಂಡು, ಕಾಲೆತ್ತಿ ಹೊಸ್ತಿಲು ದಾಟಿ, ಒಳಂಗಳಕ್ಕೆ ಹೋಗಿ ಕಂಬಕ್ಕೆ ಎಡಗೈ ಮುಟ್ಟಿಸಿದಳು. ತಿರುಗಿ ಒಂಬತ್ತು ಹೆಜ್ಜೆ ಹಾಕಿ ಬಚ್ಚಲಿಗೆ ಹೋದಳು. ಯಾರನ್ನೂ ಕೇಳದೆ. ಒಳಗಿನಿಂದ ನೀರಿನ ಸದ್ದು ಕೇಳಿದಾಗ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಗ ಟೇಲರಮ್ಮನ ಎದುರು ಕೈ ಮುಗಿದ. ಆಮೇಲೆ ಸಾಮಾನು ಇಳಿಸಲು ಹೊರಗೆ ಹೋದ.

ಆಮೇಲೆ ಒಂದು ತಿಂಗಳು ಟೇಲರಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗಳ ಬಗ್ಗೆ ಬರೆಯುವ ಪತ್ರಿಕೆಯವರು ಫೋಟೋ ಕೇಳಿದ್ದರು. ಯಾವ ಮೂಲೆಯಿಂದ ತೆಗೆದರೆ ಚೆಂದ ಎಂದು ಯೋಚಿಸುತ್ತಿದ್ದಾಗಲೇ ಸೊಸೆಯ ಫೋನು ಬಂತು.

“ಟೇಲರಮ್ಮ, ಒಂದು ಸಲ ಬರ್ತೀರಾ? ಮೂರೂವರೆಗೆ ಬನ್ನಿ. ನೀವೇ ನೋಡಿ.”

ಅವಳು ಹೋದಾಗ ಅಜ್ಜಿ ಕಿಂಡಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಳು. ಬಟ್ಟೆ ಮಡಿ, ತಲೆ ಬಾಚಿಕೊಂಡಿದ್ದಾಳೆ, ಮುಖದಲ್ಲಿ ಎಷ್ಟೋ ವರ್ಷ ಚಿಕ್ಕವಳಾದ ಹಾಗೆ ಒಂದು ಕಳೆ. ನಾಲ್ಕು ಹೊಡೆಯಿತು. ಅಜ್ಜಿ ಕಿಂಡಿಯೊಳಗೆ ಬಗ್ಗಿ ನೋಡಿದಳು. “ಪುಟ್ಟಿ ಇನ್ನೂ ಬರ್ಲಿಲ್ವಲ್ಲ,” ಅಂದಳು.

“ಬರ್ತಾಳೆ ಅತ್ತೆ,” ಎಂದ ಸೊಸೆ ಟೇಲರಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು.

“ಪುಟ್ಟಿ ಯಾರು?”

“ನಮ್ಮ ಯಜಮಾನ್ರ ತಂಗಿ. ಒಂಬತ್ತು ವರ್ಷಕ್ಕೇ ಹೋಗಿಬಿಟ್ಳಂತೆ, ಜ್ವರ ಬಂದು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ ಆಯ್ತು, ಒಬ್ಬಳು ತಂಗಿ ಇದ್ಳು ಅನ್ನೋದಷ್ಟೇ ನಂಗೆ ಗೊತ್ತಿದ್ದದ್ದು. ಸ್ಕೂಲಿಂದ ಬಂದು ಆ ಕಿಂಡೀಲಿ ಕೈ ಹಾಕಿ ತಾನೇ ಚಿಲಕ ತೆಗೀತಿದ್ಳಂತೆ. ಅತ್ತೆಗೆ ಹಿತ್ತಲಲ್ಲಿದ್ರೆ ಬಾಗಿಲು ಬಡಿದದ್ದು ಕೇಳ್ತಿರ್ಲಿಲ್ಲ ಅಂತ ಮಾವ ಮಾಡಿಸಿದ್ದು. ಅವಳು ಹೋದ ಮೇಲೆ ಅವರೇ ಮೊಳೆ ಹೊಡೆದದ್ದು.”

ಟೇಲರಮ್ಮ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು.

“ಮೊದಲನೇ ದಿನ ಇವರು ನಿಜ ಹೇಳಿಬಿಟ್ರು. ಅವಳು ಹೋಗಿ ಮೂವತ್ತೊಂಬತ್ತು ವರ್ಷ ಆಯ್ತಮ್ಮ ಅಂತ. ಅತ್ತೆ ಹೇಗೆ ಅತ್ರು ಗೊತ್ತಾ? ಆಸ್ಪತ್ರೇಲಿ ನಾನು ನೋಡದ ಸಾವಿಲ್ಲ. ಹಾಗೆ ಅಳೋದನ್ನ ನೋಡಿಲ್ಲ. ಅವತ್ತೇ ಸತ್ತ ಹಾಗೆ. ಬೆಳಗಾದ್ರೆ ಮರ್ತಿದ್ರು. ಮತ್ತೆ ನಾಲ್ಕು ಗಂಟೆಗೆ ಬಂದು ಕೂತ್ರು, ಮತ್ತೆ ಕೇಳಿದ್ರು. ಹೀಗೆ ನಾಲ್ಕು ದಿನ ಆಯ್ತು. ಇವರಿಗೆ ಸುಳ್ಳು ಹೇಳೋಕೆ ಬರಲ್ಲ. ಈಗ ಮೂರೂವರೆ ಆದ್ರೆ ಏನಾದ್ರೂ ನೆಪ ಮಾಡ್ಕೊಂಡು ಮನೆಯಿಂದ ಹೊರಗೆ ಹೋಗಿಬಿಡ್ತಾರೆ.”

ಇದು ತಾನು ಮಾಡಿದ್ದು ಎಂದು ಟೇಲರಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮರುದಿನವೇ ಬಡಗಿಯನ್ನು ಕರೆಸಿದಳು. ಅಜ್ಜಿ ಸ್ನಾನಕ್ಕೆ ಹೋದಾಗ ಅವನು ಕಿಂಡಿಗೆ ಹಲಗೆ ಕೂರಿಸಿ ಗೋಡೆಯ ಬಣ್ಣವನ್ನೇ ಬಳಿದ.

ಹೊಡೆತ ತಪ್ಪಿಸಲು ಹೋಗಿ ಗಾಯವೇ ದೊಡ್ಡದಾಯಿತು. ನಾಲ್ಕು ಗಂಟೆಗೆ ಅಜ್ಜಿ ಸ್ಟೂಲಿನಲ್ಲಿ ಕೂತು ಗೋಡೆ ತಡವಿದಳು. ಮೇಲೆ, ಕೆಳಗೆ, ಮತ್ತೆ ಅದೇ ಜಾಗ. ಹಸಿ ಬಣ್ಣ ಅಂಗೈಗೆಲ್ಲ ಮೆತ್ತಿಕೊಂಡಿತು. “ಮಗು ಹೊರಗೇ ಇದೆ. ಚಿಲಕ ಹೇಗೆ ತೆಗೀತಾಳೆ? ಯಾರು ಮುಚ್ಚಿದ್ದು ಇದನ್ನ?” ಎಂದು ಕೂಗತೊಡಗಿದಳು. ಸೊಸೆ ಒಳಗಿನಿಂದ ಬರುವಷ್ಟರಲ್ಲಿ ಅಜ್ಜಿ ಬಾಗಿಲು ತೆರೆದು, ಬರಿಗಾಲಿನಲ್ಲಿ, ಅಗಲವಾದ ಹೊಸ ರಸ್ತೆಯ ನಡುವೆ ನಿಂತಿದ್ದಳು. ಒಂದು ಬಸ್ಸು ಅವಳಿಗೆ ನಾಲ್ಕು ಮಾರು ದೂರದಲ್ಲಿ ನಿಂತಿತು. ಚಾಲಕ ಇಳಿದು ಬಂದು ಕೈ ಹಿಡಿದು ಕರೆತಂದ.

ಅದರ ಮರುದಿನ ಹಲಗೆ ತೆಗೆಯಲು ಟೇಲರಮ್ಮ, ಬಡಗಿ ಇಬ್ಬರೂ ಬಂದರು. ಅಜ್ಜಿ ಮತ್ತೆ ಓಡಿಹೋಗದಿರಲಿ ಎಂದು ಸೊಸೆ ಕೆಳಚಿಲಕದ ಜೊತೆಗೆ ಮೇಲಿನ ಚಿಲಕವನ್ನೂ ಹಾಕಿದ್ದಳು. ಅಂದು ಮಗ ಪ್ರೆಸ್ಸಿಗೆ ಹೋಗಿರಲಿಲ್ಲ. ಬಸ್ಸಿನ ಸುದ್ದಿ ಕೇಳಿದಾಗಿನಿಂದ ಅವನು ಊಟ ಮಾಡಿರಲಿಲ್ಲ. ಬಡಗಿ ಹಲಗೆಯನ್ನು ಕಳಚಿ ಪಕ್ಕಕ್ಕಿಟ್ಟ. ಮಧ್ಯಾಹ್ನದ ಬಿಸಿಲು ಕಿಂಡಿಯಿಂದ ಒಳಬಂದು ನೆಲದ ಮೇಲೆ ಬಿತ್ತು. ಅಜ್ಜಿ ಬಂದು ಕೂತಳು. “ಪುಟ್ಟಿ ಬರೋ ಹೊತ್ತಾಯ್ತು,” ಅಂದಳು, ಯಾರಿಗೂ ಅಲ್ಲ.

ಮಗ ತಾಯಿಯ ಎದುರು ನೆಲದ ಮೇಲೆ ಕೂತುಬಿಟ್ಟ.

“ಅಮ್ಮ, ಅವತ್ತು ಅವಳು ಬಂದಿದ್ಳು,” ಎಂದ.

ಅಜ್ಜಿ ಅವನನ್ನು ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದಳು.

“ಬಂದಿದ್ಳು. ಬೆಳಗ್ಗೆ ನನ್ನ ಬಣ್ಣದ ಪೆನ್ಸಿಲ್ ಮುರಿದಿದ್ಳು ಅಂತ ಸಿಟ್ಟು ನಂಗೆ. ನೀನು ಮನೇಲಿರ್ಲಿಲ್ಲ. ನಾನು ಮೇಲಿನ ಚಿಲಕಾನೂ ಹಾಕ್ದೆ. ಅದು ಅವಳಿಗೆ ಎಟುಕ್ತಿರ್ಲಿಲ್ಲ. ಕಿಂಡೀಲಿ ಕೈ ಹಾಕಿ ಕೆಳಚಿಲಕ ತೆಗೆದ್ಳು, ಬಾಗಿಲು ತಳ್ಳಿದ್ಳು, ಬರ್ಲಿಲ್ಲ. ಅಣ್ಣ ತೆಗಿಯೋ, ಕಾಲು ಸುಡ್ತಿದೆ ಅಂದ್ಳು. ನಾನು ಇಲ್ಲೇ, ಹೀಗೇ ಗೋಡೆಗೆ ಒರಗಿ ಕೂತಿದ್ದೆ. ಸ್ವಲ್ಪ ಹೊತ್ತು ಆಟ ಆಡಿಸೋಣ ಅಂತ. ನಿದ್ದೆ ಬಂದುಬಿಡ್ತು ಅಮ್ಮ. ಎದ್ದಾಗ ಅವಳು ಹೊರಗೆ ಬಿಸಿಲಲ್ಲೇ ಮಲಗಿದ್ಳು. ನಿಂಗೆ ಹೇಳ್ಬೇಡ ಅಂತ ಕಾಲಿಗೆ ಬಿದ್ದೆ. ಅವಳು ಹೇಳ್ಲಿಲ್ಲ. ಮರುದಿನ ಜ್ವರ. ಒಂಬತ್ತು ದಿನ. ಜ್ವರದಲ್ಲೂ ಹೇಳ್ಲಿಲ್ಲ ಅವಳು.”

ಸೊಸೆ ಗಂಡನ ಹಿಂದೆ ನಿಂತಿದ್ದಳು. “ರೀ, ಬಿಸಿಲಿಂದ ಹಾಗೆಲ್ಲ ಆಗಲ್ಲ. ಅದು ಯಾವುದೋ ಸೋಂಕು. ಮೊದಲೇ ಮೈಯಲ್ಲಿ ಇರುತ್ತೆ...” ಅನ್ನತೊಡಗಿದವಳು, ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಅದನ್ನು ಡಾಕ್ಟರ ಬಾಯಿಂದಲೇ ಹದಿಮೂರನೇ ವಯಸ್ಸಿನಲ್ಲಿ ಕೇಳಿದ್ದ. ಕೇಳಿಯೂ ಏನೂ ಆಗಿರಲಿಲ್ಲ.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ಎಷ್ಟು ಅರ್ಥವಾಯಿತೋ ಯಾರಿಗೆ ಗೊತ್ತು. ಕೋಪ ಬರಲಿಲ್ಲ, ಅಳುವೂ ಬರಲಿಲ್ಲ. ಬಾಗಿಲ ಕಡೆ ಗದ್ದ ತೋರಿಸಿ, “ಹಾಗಾದ್ರೆ ಹೋಗಿ ತೆಗಿ,” ಅಂದಳು.

ಅವನು ಎದ್ದ. ಮೇಲಿನ ಚಿಲಕ ಅವನ ಕೈಗೆ ಸುಲಭವಾಗಿ ಎಟುಕುತ್ತಿತ್ತು. ಆದರೂ ಅದನ್ನು ಸರಿಸಲು ಬಹಳ ಹೊತ್ತು ಹಿಡಿಯಿತು. ಬಾಗಿಲು ತೆರೆದ. ಹೊರಗೆ ರಸ್ತೆ, ಬಿಸಿಲು, ಹಾರ್ನುಗಳ ಸದ್ದು. ಅಜ್ಜಿ ಸ್ಟೂಲಿನಿಂದಲೇ ಬಗ್ಗಿ ನೋಡಿದಳು.

“ಯಾರೂ ಇಲ್ವಲ್ಲ.”

“ಇಲ್ಲ ಅಮ್ಮ.”

“ಬಾಯಾರಿರುತ್ತೆ ಅವಳಿಗೆ. ನೀರು ತಂದಿಡು.”

ಅವನು ಒಳಗೆ ಹೋಗಿ ಲೋಟದಲ್ಲಿ ನೀರು ತಂದ. ಬರುವ ದಾರಿಯಲ್ಲಿ ಅರ್ಧ ಚೆಲ್ಲಿತ್ತು. ಅಜ್ಜಿ ಅದನ್ನು ಮಡಿಲಲ್ಲಿ ಹಿಡಿದುಕೊಂಡು ಐದು ಗಂಟೆಯವರೆಗೂ ಕೂತಳು. ಆಮೇಲೆ ತಾನೇ ಕುಡಿದು, ಲೋಟವನ್ನು ಟೇಲರಮ್ಮನ ಕೈಗೆ ಕೊಟ್ಟು, ಮಲಗಲು ಹೋದಳು.

ಬಡಗಿ ತನ್ನ ಸಾಮಾನನ್ನು ಚೀಲಕ್ಕೆ ತುಂಬಿಕೊಂಡ. ಟೇಲರಮ್ಮ ಹೊರಡುವ ಮುಂಚೆ ಮಗನಿಗೆ, “ಬಾಗಿಲನ್ನೇ ಬೇರೆ ಕಡೆ ಇಡಿಸ್ಬಹುದು. ಪೂರ್ತಿ ಬದಲಾಯಿಸಿಕೊಡ್ತೀನಿ. ತಪ್ಪು ನನ್ನದು,” ಎಂದಳು.

“ಬೇಡ,” ಎಂದ ಅವನು. “ನೀವು ಕೇಳಿದಾಗ ನಾನು ಬಾಯಿ ಬಿಡ್ಬೇಕಿತ್ತು.”

ಅಂದಿನಿಂದ ಅವನು ದಿನವೂ ಮೂರೂಮುಕ್ಕಾಲಿಗೆ ಪ್ರೆಸ್ಸಿನಿಂದ ಮನೆಗೆ ಬರುತ್ತಿದ್ದ. ಬಾಗಿಲು ತೆರೆದಿಟ್ಟು ತಾಯಿಯ ಪಕ್ಕ ಕೂರುತ್ತಿದ್ದ. ಅವಳು ಕೇಳಿದಾಗ, “ದಾರೀಲಿದ್ದಾಳೆ ಅಮ್ಮ,” ಅನ್ನುತ್ತಿದ್ದ. ಸುಳ್ಳು ಬಾರದ ಮನುಷ್ಯ ಅದೊಂದನ್ನು ಕಲಿತ. ಕೆಲವು ದಿನ ಅಜ್ಜಿ ಅವನನ್ನೇ ಗದರಿಸುತ್ತಿದ್ದಳು, “ನೀನ್ಯಾರಪ್ಪ, ಮನೆ ಮಠ ಇಲ್ವಾ? ಇಲ್ಲಿ ಬಂದು ಕೂತ್ಕೋತೀಯಲ್ಲ ದಿನಾ.” ಅವನು, “ಸ್ವಲ್ಪ ಹೊತ್ತು ಕೂತು ಹೋಗ್ತೀನಿ ತಾಯಿ,” ಅನ್ನುತ್ತಿದ್ದ.

ಚಳಿಗಾಲದ ಹೊತ್ತಿಗೆ ಅಜ್ಜಿ ಕೇಳುವುದನ್ನು ನಿಲ್ಲಿಸಿದಳು. ನಾಲ್ಕು ಗಂಟೆಯಾದರೂ ಮಂಚದಿಂದ ಏಳಲಿಲ್ಲ. ಕಂಬ ಎಲ್ಲಿದೆ ಅನ್ನುವುದೂ ಕೈಗೆ ಮರೆತುಹೋಯಿತು, ಹೆಜ್ಜೆಗಳೂ ಕಾಲಿಗೆ ಮರೆತುಹೋದವು. ಅವಳಿಗಾಗಿ ಗುಬ್ಬಿ ಗೂಡು ಹೆಣೆದ ಹಾಗೆ ಹೆಣೆದಿದ್ದ ಮನೆಯಲ್ಲಿ ಅವಳನ್ನು ಎತ್ತಿಕೊಂಡೇ ಓಡಾಡಿಸಬೇಕಾಯಿತು. ಸೊಸೆ ಫೋನಿನಲ್ಲಿ, “ಕೇಳ್ತಿದ್ದಾಗ ನಿಲ್ಲಿಸಿದ್ರೆ ಸಾಕು ಅನ್ನಿಸ್ತಿತ್ತು. ಈಗ ಒಂದು ಸಲ ಕೇಳಿದ್ರೂ ಸಾಕು ಅನ್ನಿಸುತ್ತೆ ಟೇಲರಮ್ಮ,” ಎಂದಳು. ಹೊಸ ಮನೆಗೆ ಬಂದ ಹನ್ನೊಂದನೇ ತಿಂಗಳಲ್ಲಿ, ಒಂದು ಬೆಳಗ್ಗೆ, ಸೊಸೆ ಬಾಯಿಗೆ ಹಾಕಿದ ಹಾಲು ಕಟವಾಯಿಯಿಂದ ಇಳಿಯಿತು. ಅಜ್ಜಿ ಹೋಗಿದ್ದಳು.

ಮೂರು ವಾರದ ನಂತರ ಟೇಲರಮ್ಮ ಅವರನ್ನು ನೋಡಲು ಹೋದಳು. ಪತ್ರಿಕೆಯವರಿಗೆ ಅವಳು ಫೋಟೋ ಕಳಿಸಿರಲಿಲ್ಲ, ಅವರೂ ಮತ್ತೆ ಕೇಳಿರಲಿಲ್ಲ. ಮಗ ಒಳಂಗಳದ ಕಟ್ಟೆಯ ಮೇಲೆ ಕೂತಿದ್ದ. ಕಾಲೇಜಿನ ಮಗಳು ಅವನ ಪಕ್ಕದಲ್ಲಿದ್ದಳು. ಸೊಸೆ ಚಹಾ ತಂದಿಟ್ಟು ಎದುರಿಗೆ ಕೂತಳು. ಆಮೇಲೆ ಮಗಳೇ ಕೇಳಿದಳು, “ಅಪ್ಪ, ಅತ್ತೆ ಹೇಗಿದ್ರು?”

ಅತ್ತೆ ಅಂದದ್ದು ಪುಟ್ಟಿಯನ್ನು ಎಂದು ಅವನಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಒಂಬತ್ತು ವರ್ಷದವಳನ್ನು ಯಾರೂ ಹಾಗೆ ಕರೆದಿರಲಿಲ್ಲ.

“ಕಪಿ,” ಎಂದ. “ಸಾಕ್ಷಾತ್ ಕಪಿ. ಪ್ರೆಸ್ಸಲ್ಲಿ ಆಗ ಸೀಸದ ಅಕ್ಷರದ ಮೊಳೆಗಳನ್ನ ಒಂದೊಂದಾಗಿ ಜೋಡಿಸ್ತಿದ್ರು. ಅದರಲ್ಲಿ ‘ಪು’ ಇತ್ತಲ್ಲ, ಅದು ತನ್ನ ಅಕ್ಷರ ಅಂತ ಇದ್ದಬದ್ದ ‘ಪು’ಗಳನ್ನೆಲ್ಲ ಜೇಬಿಗೆ ಹಾಕ್ಕೊಂಡು ಬಂದುಬಿಟ್ಳು. ನೋಟುಬುಕ್ಕಿನ ತುಂಬ ಪು, ಪು, ಪು. ಅಪ್ಪನಿಗೆ ಗೊತ್ತಿಲ್ಲ. ಯಾರದೋ ಮದುವೆ ಕಾಗದ ಅಚ್ಚಾಗಿ ಹೋಯ್ತು. ‘ಜ್ಯೇಷ್ಠ ಪುತ್ರಿ’ ಅಂತ ಇರಬೇಕಾದ ಕಡೆ ‘ಜ್ಯೇಷ್ಠ ತ್ರಿ’ ಅಂತ!”

ಮಗಳು ಕಿಲಕಿಲ ನಕ್ಕಳು. ಸೊಸೆಯೂ ನಕ್ಕಳು. ನಗುತ್ತಾ ನಗುತ್ತಾ ಅವನ ಕಣ್ಣಿನಲ್ಲಿ ನೀರು ಧಾರೆಯಾಯಿತು. ಅದನ್ನು ಒರೆಸಿಕೊಳ್ಳದೆಯೇ ಇನ್ನೊಂದು ಹೇಳಿದ, ಅದರ ಬೆನ್ನಿಗೆ ಮತ್ತೊಂದು. ಪುಟ್ಟಿಗೆ ‘ರ’ ಬರುತ್ತಿರಲಿಲ್ಲ, ಅಪ್ಪನ ‘ಪ್ಲೆಸ್ಸು’ ಅನ್ನುತ್ತಿದ್ದಳು. ಬೆಕ್ಕಿಗೆ ಕನ್ನಡ ಕಲಿಸುತ್ತಿದ್ದಳು. ಮೂವತ್ತೊಂಬತ್ತು ವರ್ಷ ಒಂದೇ ಕಡೆ ಕಟ್ಟಿಕೊಂಡಿದ್ದ ಮಾತು ಅಂದು ಮಧ್ಯಾಹ್ನವೆಲ್ಲ ಹರಿಯಿತು. ಅಂಗಳದಿಂದ ಬಿಸಿಲು ಮೆಲ್ಲಗೆ ಗೋಡೆ ಹತ್ತಿತು. ದೀಪ ಹಾಕಲು ಎದ್ದ ಸೊಸೆ, ಗಂಡ ಇನ್ನೂ ಹೇಳುತ್ತಲೇ ಇದ್ದುದನ್ನು ಕಂಡು, ಮತ್ತೆ ಅಲ್ಲೇ ಕೂತಳು.